ನಾಯಿಗೆ ಉಣ್ಣೆ ಕಾಟ: ಹನಿ ಔಷಧಿಯೋ, ಮಾತ್ರೆಯೋ, ಕಾಲರೋ?

ಉಣ್ಣೆ ಅಂದರೆ ಬರೀ ತುರಿಕೆ ಅಲ್ಲ. ಅದರಿಂದ ಟಿಕ್ ಫೀವರ್ ಬಂದರೆ ನಾಯಿಯ ಜೀವಕ್ಕೇ ಅಪಾಯ.

ನಾಯಿಯ ಚರ್ಮದ ಮೇಲೆ ಹಾಕುವ ಹನಿ ಔಷಧಿಗೆ ಸಾಮಾನ್ಯವಾಗಿ ಖರ್ಚು ಕಡಿಮೆ. ಆದರೆ ತಿಂಗಳಿಗೊಮ್ಮೆ ಹಾಕಬೇಕು, ಹಾಕುವ ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ಮಾತ್ರೆಗೆ ದುಡ್ಡು ಜಾಸ್ತಿ. ಒಂದು ತಿಂಗಳಿನದೂ ಇದೆ, 12 ವಾರದ್ದೂ ಇದೆ. ಕತ್ತಿಗೆ ಕಟ್ಟುವ, ಔಷಧಿ ಸೇರಿಸಿದ ಕೆಲವು ಕಾಲರ್‌ಗಳು 8 ತಿಂಗಳವರೆಗೂ ಕೆಲಸ ಮಾಡುತ್ತವೆ.

ಕೆರೆಯಲ್ಲಿ ಈಜುವ ನಾಯಿಗೆ ಮಾತ್ರೆಯೇ ಸರಿ. ಆದರೆ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರನ್ನು ಕೇಳದೆ ಮಾತ್ರೆ ಕೊಡಬೇಡಿ. ತೋಟ ಕಾಯುವ ನಾಯಿಗೆ ತಿಂಗಳು ತಿಂಗಳು ನೆನಪಿಟ್ಟು ಔಷಧಿ ಹಾಕುವುದು ಕಷ್ಟ ಅಲ್ವಾ, ಅದಕ್ಕೆ ಕಾಲರ್ ಇರಲಿ. ಪುಟ್ಟ ಮಕ್ಕಳು ನಾಯಿಯನ್ನು ತಬ್ಬಿ ಮಲಗುವ ಮನೆಗೆ ನಾನಂತೂ ಕಾಲರ್ ಹೇಳುವುದಿಲ್ಲ.

ಜೊತೆಗೆ ಬೆಕ್ಕೂ ಇದ್ದರೆ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಹನಿ ಔಷಧಿ ಬೇಡವೇ ಬೇಡ. ನಾಯಿಯ ಮೈಯಿಂದ ತಗುಲಿದರೂ ಬೆಕ್ಕಿಗೆ ಅದು ವಿಷ.