ಮ್ಯಾನುಯಲ್ ಹಬ್, ಆಟೊಮ್ಯಾಟಿಕ್ ಹಬ್: ಯಾವುದು ಸೂಕ್ತ?

ವಾರವಿಡೀ ಬೆಂಗಳೂರಿನಲ್ಲಿ ಓಡಿ, ರಜೆಯಲ್ಲಿ ಸಕಲೇಶಪುರದ ಕೆಸರುಹಾದಿ ಹತ್ತುವ ಜೀಪಿಗೆ ನಾನು ಮ್ಯಾನುಯಲ್ ಲಾಕಿಂಗ್ ಹಬ್ಬನ್ನೇ ಸೂಚಿಸುತ್ತೇನೆ. ಲಾಕಿಂಗ್ ಹಬ್ ಎಂದರೆ ಮುಂದಿನ ಚಕ್ರವನ್ನು, ಅದನ್ನು ತಿರುಗಿಸುವ ಆಕ್ಸಲ್ ಶಾಫ್ಟ್ ಎಂಬ ದಂಡಕ್ಕೆ ಬೇಕಾದಾಗ ಜೋಡಿಸುವ, ಬೇಡದಾಗ ಬಿಡಿಸುವ ಭಾಗ. ಕೆಳಗಿಳಿದು ಮುಂದಿನ ಎರಡೂ ಚಕ್ರಗಳ ಹಬ್ಬನ್ನು ಕೈಯಿಂದ ತಿರುಗಿಸಬೇಕಾದ ಶ್ರಮವಿದೆ, ಮಳೆಯಲ್ಲಿ ಅದು ನಿಜಕ್ಕೂ ಕಿರಿಕಿರಿಯೇ. ಆದರೆ ಒಮ್ಮೆ ಲಾಕ್ ಮಾಡಿದರೆ, ನೀವಾಗಿ ಬಿಡಿಸುವವರೆಗೆ ಚಕ್ರಕ್ಕೂ ಆಕ್ಸಲ್ ಶಾಫ್ಟಿಗೂ ಇರುವ ಹಿಡಿತ ಕಳಚದು. ಆಟೊಮ್ಯಾಟಿಕ್ ಹಬ್ಬಿಗೆ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ) ಹಾಕಿದರೆ ಸಾಕು, ತಾನೇ ಲಾಕ್ ಆಗುತ್ತದೆ. ಆದರೆ ಶಾಫ್ಟ್ ತಿರುಗುವ ಬಲದಿಂದ ಲಾಕ್ ಆಗುವ ಬಗೆಯವು, ಹೂತ ಗಾಡಿಯನ್ನು ಹಿಂದೆ ಮುಂದೆ ಆಡಿಸುವಾಗ, ದಿಕ್ಕು ಬದಲಾದೊಡನೆ ಕಳಚಿಕೊಳ್ಳಬಹುದು. ಅಂಥ ಅನೇಕ ಹಬ್‌ಗಳನ್ನು ಬಿಡಿಸಲು ಟೂ ವೀಲ್ ಡ್ರೈವ್‌ನಲ್ಲಿ ತುಸು ರಿವರ್ಸ್ ಹೋಗಬೇಕಾಗುತ್ತದೆ. ವ್ಯಾಕ್ಯೂಮ್‌ನಿಂದ (ಗಾಳಿಯ ಸೆಳೆತದಿಂದ) ನಡೆಯುವ ಬಗೆಯಲ್ಲಿ ಹೋಸ್ ಅಥವಾ ಸೀಲ್ ಸೋರಿದರೆ ಹಬ್ ಹಿಡಿಯದೆ ಹೋದೀತು. ಕಾಫಿ ತೋಟದ ಒಣ ಮಣ್ಣುದಾರಿಯಷ್ಟೇ ನಿಮ್ಮದಾದರೆ ಆಟೊಮ್ಯಾಟಿಕ್ ಸಾಲುತ್ತದೆ.