ರೇಷ್ಮೆ ರಿಬ್ಬನ್, ನೇಯ್ದ ಲಾಡಿ, ಹೆಣೆದ ಪಟ್ಟಿ: 1770ರ ಕಾಲುಚೀಲಕ್ಕೆ ಯಾವ ಗಾರ್ಟರ್?

1770ರ ದಶಕದ ಇಂಗ್ಲಿಷ್ ಉಡುಪು ಹೊಲಿದುಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಗಾರ್ಟರ್ ಅಂದರೆ ಕಾಲುಚೀಲ ಜಾರದಂತೆ ಕಾಲಿಗೆ ಸುತ್ತಿ ಕಟ್ಟುವ ಪಟ್ಟಿ. ಉಣ್ಣೆ ನೂಲಿನಲ್ಲಿ ಕೈಯಾರೆ ಹೆಣೆದ ಗಾರ್ಟರಿನಷ್ಟು ಒಳ್ಳೆಯದು ನನಗೆ ಬೇರೆ ಸಿಕ್ಕಿಲ್ಲ. ರೇಷ್ಮೆ ರಿಬ್ಬನ್ನಿಗೆ ದುಡ್ಡು ಸುರಿದ ಮೇಲೆ ಹೇಳುತ್ತಿರುವ ಮಾತಿದು.

ಎಲಾಸ್ಟಿಕ್ ಈ ಲೆಕ್ಕದಲ್ಲೇ ಇಲ್ಲ. ಬಟ್ಟೆಬರೆಗೆ ರಬ್ಬರ್ ಪಟ್ಟಿ ಸೇರಿಸುವ ಪೇಟೆಂಟ್ ಥಾಮಸ್ ಹ್ಯಾನ್‌ಕಾಕ್‌ಗೆ ಸಿಕ್ಕಿದ್ದೇ 1820ರಲ್ಲಿ. ಕೈಹೊಲಿಗೆಯಲ್ಲಿ ಗೌನ್ ಮುಗಿಸಿ, ಒಳಗೆ ಎಲಾಸ್ಟಿಕ್ ಕಟ್ಟಿಕೊಂಡರೆ ಮನಸ್ಸು ಒಪ್ಪಲ್ಲ ಅಲ್ವಾ?

ರಿಬ್ಬನ್ ಆ ಕಾಲಕ್ಕೆ ಸಲ್ಲದ್ದೇನಲ್ಲ. ಉಳ್ಳವರು ರೇಷ್ಮೆಯದನ್ನೇ ಕಟ್ಟುತ್ತಿದ್ದರು. ಉಳಿದುಬಂದಿರುವ ಕೆಲವು ಗಾರ್ಟರುಗಳ ಮೇಲೆ ಪ್ರೀತಿಯ ಸಾಲುಗಳೂ ಇವೆ. ತೊಂದರೆ ಇರುವುದು ಹಿಡಿತದಲ್ಲಿ. ಆ ಮಾದರಿಯ ಕಾಲುಚೀಲಕ್ಕೆ ಈಗಿನ ಸಾಕ್ಸಿನ ಹಾಗೆ ತಾನಾಗಿ ಬಿಗಿಯುವ ಗುಣ ಇಲ್ಲ. ಅದನ್ನು ಹಿಡಿದಿಡುವುದು ಗಾರ್ಟರ್ ಒಂದೇ. ನಡೆಯುವಾಗ ಮೀನಖಂಡ ಉಬ್ಬುತ್ತದೆ, ಇಳಿಯುತ್ತದೆ. ನುಣುಪಾದ ಸ್ಯಾಟಿನ್ ರಿಬ್ಬನ್ ಅದರ ಜೊತೆ ಹಿಗ್ಗುವುದಿಲ್ಲ. ಬಿಗಿದರೆ ಕಾಲು ಜೋಮು ಹಿಡಿಯುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ.

ಜಾರಿದರೆ ಸರಿಮಾಡಿಕೊಳ್ಳುವುದೂ ಸುಲಭವಲ್ಲ. ಮೈಗೆ ಬಿಗಿಯಾಗಿ ಸ್ಟೇಸ್, ಅಂದರೆ ಕಡ್ಡಿ ಸೇರಿಸಿ ಹೊಲಿದ ಒಳಕವಚ. ಅದರಲ್ಲಿ ಸೊಂಟ ಬಗ್ಗುವುದಿಲ್ಲ. ಕುರ್ಚಿ ಹುಡುಕಿ, ಮರೆ ಹುಡುಕಿ, ಲಂಗದ ಮೇಲೆ ಲಂಗ ಎತ್ತಿ, ಕಾಣದ ಗಂಟಿಗೆ ಕೈ ಹಾಕಬೇಕು. ಕುಣಿತ ಶುರುವಾದ ಮೇಲೆ ಅದಕ್ಕೆಲ್ಲಿ ಬಿಡುವು? ಸಾಲಿನಲ್ಲಿ ನಿಂತವರು ನನಗಾಗಿ ಕಾಯುತ್ತಾರೆ. ಎರಡು ಗಂಟು ಹಾಕಿ ನೋಡಿದೆ. ಆಗ ಜಾರುವುದು ಕಡಿಮೆಯಾಯಿತು, ರಾತ್ರಿ ಬಿಚ್ಚಲು ಉಗುರು ಸವೆಯಿತು.

ಇನ್ನೊಂದು ಸಿಟ್ಟು ಇದೆ. ಅಪ್ಪಟ ರೇಷ್ಮೆ ಅಂತ ನನಗೆ ಮಾರಿದ್ದು ಪಾಲಿಯೆಸ್ಟರ್. ತುದಿಯ ಎಳೆಯೊಂದನ್ನು ಸುಟ್ಟು ನೋಡಿದರೆ ಕರಗಿ ಗಟ್ಟಿ ಮಣಿಯಾಯಿತು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗಬೇಕಿತ್ತು. ಆಮೇಲೆ ಬೇರೆ ಕಡೆ ನಿಜವಾದ ರೇಷ್ಮೆ ಸ್ಯಾಟಿನ್ ಕೊಂಡೆ. ಕಾಲಿಗೆ ಹಿತವಾಗಿದೆ, ಜಾರುವುದು ಮಾತ್ರ ತಪ್ಪಲಿಲ್ಲ.

ಟೇಪ್ ಲೂಮಿನಲ್ಲಿ, ಅಂದರೆ ಕಿರಿದಾದ ಪಟ್ಟಿ ನೇಯುವ ಪುಟ್ಟ ಮಗ್ಗದಲ್ಲಿ, ನೇಯ್ದ ಉಣ್ಣೆ ಲಾಡಿ ಎಷ್ಟೋ ಮೇಲು. ನಮ್ಮ ಲಂಗದ ಲಾಡಿಯ ಹಾಗೆ ಗಂಟು ಗಟ್ಟಿಯಾಗಿ ನಿಲ್ಲುತ್ತದೆ, ಪಟ್ಟೆ ಬಣ್ಣಗಳೂ ಚೆನ್ನ. ಹಿಗ್ಗುವುದು ಮಾತ್ರ ಕಮ್ಮಿ. ನೇಯಲು ಒಂದು ಕಡೆ ಕೂರಬೇಕು, ನನಗೆ ಅಷ್ಟು ಪುರಸೊತ್ತಿಲ್ಲ.

ಒಳಗೆ ಸಣ್ಣ ಲೋಹದ ಸುರುಳಿಗಳಿರುವ ಸ್ಪ್ರಿಂಗ್ ಗಾರ್ಟರುಗಳು ಆ ಶತಮಾನದ ಕೊನೆಯ ಭಾಗದವು. ನನ್ನ ವೇಷಕ್ಕೆ ಹೊಂದುವುದಿಲ್ಲ.

ಹೆಣೆದ ಪಟ್ಟಿಯ ಗುಟ್ಟು ಅದರ ಹೆಣಿಗೆಯಲ್ಲೇ ಇದೆ. ಪ್ರತಿ ಸಾಲನ್ನೂ ನೇರ ಹೆಣಿಗೆಯಲ್ಲೇ ಹಾಕಿದರೆ ಪಟ್ಟಿ ಉದ್ದಕ್ಕೆ ಎಳೆದಷ್ಟು ಹಿಗ್ಗಿ, ಬಿಟ್ಟರೆ ಕುಗ್ಗುತ್ತದೆ. ಉಣ್ಣೆಯ ನವಿರು ಎಳೆಗಳು ಕಾಲುಚೀಲವನ್ನು ಹಿಡಿದುಕೊಳ್ಳುತ್ತವೆ. ನಾನು ತೆಳು ನೂಲು, 2.25 ಮಿ.ಮೀ. ಕಡ್ಡಿ ಬಳಸಿ ಸುಮಾರು 3 ಸೆಂ.ಮೀ. ಅಗಲಕ್ಕೆ ಹೆಣೆಯುತ್ತೇನೆ. ಉದ್ದ 1 ಮೀಟರಿಗಿಂತ ಸ್ವಲ್ಪ ಜಾಸ್ತಿ. ಮಂಡಿಯ ಕೆಳಗೆ, ಮೀನಖಂಡದ ಮೇಲಿನ ಸಣ್ಣ ಜಾಗದಲ್ಲಿ ಎರಡು ಸುತ್ತು ಸುತ್ತಿ ಕಟ್ಟುತ್ತೇನೆ. ಒಂದೇ ಗಂಟು ಸಾಕು, ಎಳೆದರೆ ಬಿಚ್ಚುತ್ತದೆ. ಸೆಕೆಯಲ್ಲಿ ಸ್ವಲ್ಪ ಚುಚ್ಚುತ್ತದೆ, ನಿಜ. ತಣ್ಣೀರಿನಲ್ಲೇ ಒಗೆಯಬೇಕು, ಬಿಸಿ ನೀರಿಗೆ ಹಾಕಿದರೆ ಗಂಟುಗಂಟಾಗಿ ಕುಗ್ಗಿಹೋಗುತ್ತದೆ.

ಕೈಚೀಲದಲ್ಲಿ ಕಡ್ಡಿ, ನೂಲು ಇದ್ದರೆ ರೈಲಿನಲ್ಲೇ ಕೆಲಸ ಸಾಗುತ್ತದೆ. ಸ್ವೆಟರ್ ಹೆಣೆದು ಉಳಿದ ನೂಲೇ ಸಾಕಾದ್ದರಿಂದ ನನಗೆ ಖರ್ಚಿಲ್ಲ. ನೀವು ಶ್ರೀಮಂತ ಮಹಿಳೆಯ ವೇಷದಲ್ಲಿ ಕೂತೇ ಇರುವವರಾದರೆ ರೇಷ್ಮೆ ಕಟ್ಟಿಕೊಳ್ಳಿ. ಕೊಳ್ಳುವ ಮುಂಚೆ ಒಂದು ಎಳೆ ಕೇಳಿ ಪಡೆದು, ಸುಟ್ಟು ನೋಡಿ.