ವಂಶವೃಕ್ಷಕ್ಕೆ ಗ್ರಾಂಪ್ಸ್: ಬರೆದಿಡಲು ಸೊಗಸು, ಕಳಿಸುವಾಗ ಎಚ್ಚರ

ಚಿಂತಾಮಣಿಯಲ್ಲಿ ಅಜ್ಜಿ ಹೇಳಿದ ಹೆಸರುಗಳನ್ನು ಒಬ್ಬರು ಟೈಪ್ ಮಾಡುತ್ತಾರೆ. ಅದೇ ಫೈಲನ್ನು ಬೆಂಗಳೂರಿನ ಮೊಮ್ಮಗ ಬೇರೊಂದು ಆ್ಯಪ್‌ನಲ್ಲಿ ತೆರೆಯುತ್ತಾನೆ. ಈ ದಾರಿಯಲ್ಲಿ ಏನೇನು ಬಿದ್ದುಹೋಯಿತು ಅನ್ನುವುದರ ಮೇಲೆ ವಂಶಾವಳಿ ತಂತ್ರಾಂಶವನ್ನು ಅಳೆಯಬೇಕು. ಗ್ರಾಂಪ್ಸ್ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಮಾಹಿತಿ ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಹೊರಗೆ ಕಳಿಸುವುದು ಜೆಡ್‌ಕಾಮ್ 5.5.1 ಫೈಲಾಗಿ. 1984ರಲ್ಲಿ ಮೊದಲು ಬಂದ ಜೆಡ್‌ಕಾಮ್, ಈ ತಂತ್ರಾಂಶಗಳು ಒಂದಕ್ಕೊಂದು ಮಾತಾಡಲು ಇಟ್ಟುಕೊಂಡಿರುವ ಸಾಮಾನ್ಯ ಭಾಷೆ.

ಕೋಲಾರದ ಕಡೆ ಅಕ್ಕನ ಮಗಳನ್ನೇ ತಂದುಕೊಂಡ ಮನೆಗಳು ಬೇಕಾದಷ್ಟಿವೆ. ಅಲ್ಲಿ ಒಬ್ಬಳೇ ಹುಡುಗಿ ಅಜ್ಜಿಗೆ ಮೊಮ್ಮಗಳೂ ಹೌದು, ಸೊಸೆಯೂ ಹೌದು. ಎಷ್ಟೋ ಜನ ಇಲ್ಲಿ ಆಕೆಯನ್ನು ಎರಡು ಸಲ ಬರೆದುಬಿಡುತ್ತಾರೆ. ಕುಟುಂಬದ ಕಿಟಕಿಯಲ್ಲಿ ಹೆಂಡತಿಯ ಜಾಗಕ್ಕೆ ಪ್ಲಸ್ ಗುಂಡಿ ಒತ್ತಬೇಡಿ, ಈಗಾಗಲೇ ಇರುವವರನ್ನು ಆರಿಸುವ ಪಕ್ಕದ ಗುಂಡಿ ಒತ್ತಿ. ಫೈಲಿನಲ್ಲಿ ಆಕೆಗೆ ಒಂದೇ ಸಂಖ್ಯೆ ಇರುತ್ತದೆ. ಅದರಡಿ ತವರಿಗೆ ಒಂದು ಸಾಲು, ಗಂಡನ ಮನೆಗೆ ಇನ್ನೊಂದು ಸಾಲು. ಆಗಲೇ ಎರಡು ಸಲ ಬರೆದಿದ್ದರೆ, ಇಬ್ಬರನ್ನೂ ಒಟ್ಟಿಗೆ ಆರಿಸಿ ಮರ್ಜ್ ಮಾಡಿ. ಜೆಡ್‌ಕಾಮ್ ಈ ಸಂಬಂಧವನ್ನು ಚೂರೂ ಕೆಡಿಸದೆ ದಾಟಿಸುತ್ತದೆ.

ಊರಿನ ವಿಷಯದಲ್ಲಿ ಅಷ್ಟು ನೆಮ್ಮದಿ ಇಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದವು, ಆಮೇಲೆ ಚಿಕ್ಕಬಳ್ಳಾಪುರಕ್ಕೆ ಸೇರಿದವು. ಒಂದೇ ಊರಿಗೆ ಎರಡು ಜಿಲ್ಲೆಗಳನ್ನು ಕಾಲಾವಧಿ ಸಮೇತ ಜೋಡಿಸಲು ಗ್ರಾಂಪ್ಸ್‌ನಲ್ಲಿ ಅನುಕೂಲವಿದೆ, ಬಹಳ ಚೆನ್ನಾದ ಏರ್ಪಾಡು. ಜೆಡ್‌ಕಾಮ್‌ಗೆ ಹೋದಾಗ ಇದೆಲ್ಲ ಅಲ್ಪವಿರಾಮಗಳಿರುವ ಒಂದೇ ಸಾಲಾಗಿ ಕುಗ್ಗುತ್ತದೆ.

ಹೆಸರಿನ ಹಿಂದಿನ ಇನಿಷಿಯಲ್ ಊರಿನದೋ ತಂದೆಯದೋ ಎಂದು ಗುರುತು ಹಾಕಲೂ ಗ್ರಾಂಪ್ಸ್‌ನಲ್ಲಿ ಜಾಗವಿದೆ. ಇನಿಷಿಯಲ್ಲನ್ನೇ ಮನೆತನದ ಹೆಸರೆಂದು ತುಂಬಿದರೆ ಅಪ್ಪ, ಮಗ, ಮೊಮ್ಮಗ ಮೂರು ಬೇರೆ ಮನೆತನದವರಾಗಿ ಕಾಣುತ್ತಾರೆ.

ಜಾತಿಗೆ ಜೆಡ್‌ಕಾಮ್‌ನಲ್ಲಿ ಸಿದ್ಧ ಟ್ಯಾಗ್ (ಸಾಲಿನಲ್ಲಿರುವ ಮಾಹಿತಿ ಯಾವುದೆಂದು ಹೇಳುವ ಗುರುತುಪದ) ಇದೆ. ಗೋತ್ರ, ಬೆಡಗು, ಮನೆದೇವರಿಗೆ ಇಲ್ಲ. ಅವನ್ನು ನಾವೇ ಹೆಸರಿಟ್ಟ ಗುಣಲಕ್ಷಣವಾಗಿ ಸೇರಿಸಬೇಕು. ಇಡೀ ಮನೆಯವರು ಒಂದೇ ಕಾಗುಣಿತ ಹಿಡಿಯುವುದು ಮುಖ್ಯ: ಒಬ್ಬರು 'ಮನೆದೇವರು', ಇನ್ನೊಬ್ಬರು 'ಕುಲದೇವರು' ಎಂದು ಬರೆದರೆ ಹುಡುಕುವಾಗ ಅರ್ಧ ಸಿಗುವುದಿಲ್ಲ.

ಸಂವತ್ಸರದ ತೊಡಕು ಇನ್ನೂ ದೊಡ್ಡದು. 5.5.1ರ ಪಂಚಾಂಗಗಳಲ್ಲಿ ಹೀಬ್ರೂ ಇದೆ, ಫ್ರೆಂಚ್ ಕ್ರಾಂತಿಯದೂ ಇದೆ, ನಮ್ಮ ಶಾಲಿವಾಹನ ಶಕೆ ಇಲ್ಲ. ಪ್ಲವ ಎಂದರೆ 1841, 1901 ಅಥವಾ 1961. ಯಾವುದೆಂದು ಮಕ್ಕಳ ವಯಸ್ಸು ನೋಡಿ ತೀರ್ಮಾನಿಸಬೇಕು. 1901 ಎಂದಾದರೂ ಮಾಘ, ಫಾಲ್ಗುಣದಲ್ಲಿ ಹುಟ್ಟಿದವರಿಗೆ 1902 ಹಾಕಬೇಕು. ಅಜ್ಜಿ ಹೇಳಿದ ಸಂವತ್ಸರ, ಮಾಸ, ತಿಥಿಯನ್ನು ಹೇಳಿದ ಹಾಗೇ ಟಿಪ್ಪಣಿಯಲ್ಲಿ ಇಡಿ. ಲೆಕ್ಕ ತಪ್ಪಿದ್ದರೆ ಮುಂದೆ ತಿದ್ದಲು ಉಳಿಯುವ ಆಧಾರ ಅದೊಂದೇ.

ಕನ್ನಡ ಅಕ್ಷರಗಳು ಕೆಡುವುದು ಎರಡು ಕಡೆ. ಹಳೆಯ ನುಡಿ ಫಾಂಟಿನ ಪಟ್ಟಿಯನ್ನು ಹಾಗೇ ಅಂಟಿಸಿದರೆ ಕಲಸುಮೇಲೋಗರ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಇನ್ನೊಂದು, 5.5.1ರಲ್ಲಿ ಒಂದು ಸಾಲಿಗೆ 255 ಅಕ್ಷರಗಳ ಮಿತಿ. ಉದ್ದದ ಟಿಪ್ಪಣಿಯನ್ನು ತುಂಡರಿಸಿ ಮುಂದಿನ ಸಾಲಿಗೆ ಹಾಕುತ್ತಾರೆ. ಯೂನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ವಿಧಾನದಲ್ಲಿ 'ಕ್ಷ' 9 ಬೈಟ್ ಹಿಡಿಯುತ್ತದೆ: ಕ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ, ಷ, ತಲಾ 3. ಅಕ್ಷರ ಎಣಿಸುವ ಬದಲು ಬೈಟ್ ಎಣಿಸಿ ಕತ್ತರಿಸುವ ಆ್ಯಪ್ ಆದರೆ ಒಂದು ಅಕ್ಷರದ ನಡುವೆಯೇ ಕತ್ತರಿ ಬಿದ್ದು ಪ್ರಶ್ನಾರ್ಥಕ ಚಿಹ್ನೆಯ ಚೌಕಗಳು ಕಾಣಿಸುತ್ತವೆ. 2021ರ ಜೆಡ್‌ಕಾಮ್ 7.0 ಸಾಲಿನ ಮಿತಿಯನ್ನೂ ಈ ತುಂಡರಿಸುವಿಕೆಯನ್ನೂ ತೆಗೆದುಹಾಕಿ, ಯುಟಿಎಫ್-8 ಕಡ್ಡಾಯ ಮಾಡಿತು. ಕನ್ನಡಿಗರಿಗೆ ಅದರಿಂದ ಬಹಳ ಉಪಕಾರ. ಗ್ರಾಂಪ್ಸ್‌ನ ಮಾಮೂಲಿ ಎಕ್ಸ್‌ಪೋರ್ಟ್ ಇನ್ನೂ ಅಲ್ಲಿಗೆ ಬಂದಿಲ್ಲ ಅನ್ನುವುದೇ ನಮ್ಮ ದೊಡ್ಡ ತಕರಾರು.

ಫೋಟೋಗಳು 5.5.1 ಫೈಲಿನ ಜೊತೆ ಹೋಗುವುದಿಲ್ಲ, ಅವು ಇರುವ ಫೋಲ್ಡರಿನ ವಿಳಾಸ ಮಾತ್ರ ಹೋಗುತ್ತದೆ. ಫೋಟೋ ಸಮೇತ ಇಡಲು ಗ್ರಾಂಪ್ಸ್‌ನದೇ ಪ್ಯಾಕೇಜ್ ಫೈಲ್ ಮಾಡಿಕೊಳ್ಳಿ. ನಿಮ್ಮ ಅಸಲು ಪ್ರತಿ ಅದು. ನೆಂಟರಿಗೆ ಕಳಿಸುವಾಗ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಬದುಕಿರುವವರ ವಿವರ ಬಿಡುವ ಆಯ್ಕೆಯನ್ನು ಮರೆಯದೆ ಒತ್ತಿ.

ನೂರಾರು ಹೆಸರು ತುಂಬುವ ಮುನ್ನ ಹನ್ನೆರಡೇ ಜನರನ್ನು ಬರೆಯಿರಿ. ಅವರಲ್ಲಿ ಒಬ್ಬ ದತ್ತುಮಗ, ಸೋದರಮಾವನ ಜೊತೆಗಿನ ಒಂದು ಮದುವೆ, ಉದ್ದದ ಒಂದು ಟಿಪ್ಪಣಿ ಇರಲಿ. ಎಕ್ಸ್‌ಪೋರ್ಟ್ ಮಾಡಿ, ನೋಟ್‌ಪ್ಯಾಡಿನಲ್ಲಿ ತೆರೆದು ಕಣ್ಣಾಡಿಸಿ, ಆಮೇಲೆ ನೆಂಟರ ಆ್ಯಪ್‌ಗೆ ಹಾಕಿಸಿ. ಅಂಡರ್‌ಸ್ಕೋರ್‌ನಿಂದ ಶುರುವಾಗುವ ಟ್ಯಾಗ್‌ಗಳು ಆಯಾ ತಂತ್ರಾಂಶದ ಸ್ವಂತ ಸೇರ್ಪಡೆ, ಬೇರೆಯವು ಅವನ್ನು ಓದುತ್ತವೆಂಬ ಭರವಸೆಯಿಲ್ಲ. ಅಲ್ಲಿ ಬಿದ್ದುಹೋಗುವುದನ್ನೆಲ್ಲ ಟಿಪ್ಪಣಿಯಲ್ಲೂ ಒಂದು ಸಾಲು ಬರೆದಿಡಿ.

ಬರೆದಿಡುವುದಕ್ಕೆ 5ಕ್ಕೆ 5. ಕಳಿಸುವುದಕ್ಕೆ 3.